ಅವಿಶ್ವಾಸ: ಅಧ್ಯಕ್ಷರನ್ನು ತಮ್ಮವರೇ ಇಳಿಸುವ ಬಗೆ

ಚುನಾಯಿತ ಅಧ್ಯಕ್ಷರೊಬ್ಬರನ್ನು ಅವಧಿ ಮುಗಿಯುವ ಮೊದಲೇ ಕುರ್ಚಿಯಿಂದ ಇಳಿಸಲು ಅವರದೇ ಪಕ್ಷದವರು ಕೈಜೋಡಿಸುವುದು ಆಡಳಿತದ ಎಲ್ಲ ಹಂತಗಳಲ್ಲೂ ಕಾಣುವ ಸಂಗತಿ. ದೇಶದ ಮಟ್ಟದಲ್ಲಿ ಇದಕ್ಕೆ ಮಹಾಭಿಯೋಗ ಎಂದು ಹೆಸರು. ರಾಜ್ಯದಲ್ಲಿ ಇದನ್ನು ನಾಯಕತ್ವ ಬದಲಾವಣೆ ಎನ್ನುತ್ತಾರೆ. ಗ್ರಾಮ ಪಂಚಾಯಿತಿಗೆ ಬಂದರೆ ಕಾಗದದಲ್ಲಿ ಅದು ಅವಿಶ್ವಾಸ ಗೊತ್ತುವಳಿ, ಊರವರ ಬಾಯಲ್ಲಿ ಬರೀ 'ಅವಿಶ್ವಾಸ'. ಪದವಿ ದೊಡ್ಡದಾದಷ್ಟೂ ಘಟನೆ ಅಪರೂಪ. ಭಾರತದ ಯಾವ ರಾಷ್ಟ್ರಪತಿಯನ್ನೂ ಸಂವಿಧಾನದ 61ನೇ ವಿಧಿಯಡಿ ಪದಚ್ಯುತಗೊಳಿಸಿದ್ದಿಲ್ಲ. ಅಮೆರಿಕದ ಪ್ರತಿನಿಧಿಗಳ ಸಭೆ ಮೂವರು ಅಧ್ಯಕ್ಷರ ಮೇಲೆ ಒಟ್ಟು ನಾಲ್ಕು ಸಲ ದೋಷಾರೋಪ ಹೊರಿಸಿದೆ. ಸೆನೆಟ್ ಒಬ್ಬರನ್ನೂ ಇಳಿಸಿಲ್ಲ. ಬೆರಳೆಣಿಕೆಯ ಈ ಪ್ರಕರಣಗಳನ್ನು ಹಿಡಿದು ಪಕ್ಷಗಳ ಸ್ವಭಾವ ಅಳೆಯುವುದು ಕಷ್ಟ. ಅವಿಶ್ವಾಸವೇ ಋತುಮಾನದಂತೆ ಬಂದು ಹೋಗುವ ಕಡೆ ನೋಡುವುದು ಲೇಸು. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಅಂಥ ಒಂದು ಕಡೆ. (1695ರಲ್ಲಿ ಮರಾಠರ ಮುತ್ತಿಗೆಗೆ ಸಿಕ್ಕ ಮೊಘಲ್ ಸೇನಾನಿ ಕಾಸಿಂ ಖಾನ್ ಪ್ರಾಣ ಬಿಟ್ಟ ದೊಡ್ಡೇರಿ ಇದಲ್ಲ, ಅದು ಚಳ್ಳಕೆರೆ ಕಡೆಯದು.) ಇದು ಹೋಬಳಿಯ ಕೇಂದ್ರ, ಪಂಚಾಯಿತಿಯ ಊರು. ಇಲ್ಲಿಯ ಅಧ್ಯಕ್ಷರನ್ನು ಇಳಿಸಬೇಕೆಂದಿರುವ ಸದಸ್ಯರು ಹೋಗಬೇಕಾದ್ದು ಮಧುಗಿರಿಯ ಎಸಿ ಆಫೀಸಿಗೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳ ಪಂಚಾಯಿತಿ ಸದಸ್ಯರ ಅವಿಶ್ವಾಸದ ನೋಟಿಸುಗಳು ಬಂದು ಸೇರುವುದು ಆ ಒಂದೇ ಉಪವಿಭಾಗಾಧಿಕಾರಿ ಕಚೇರಿಯ ಮೇಜಿಗೆ.

ಸ್ವಪಕ್ಷದವರು ಯಾವಾಗ ತಿರುಗಿ ಬೀಳುತ್ತಾರೆ ಎಂಬುದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, 'ತಪ್ಪು ಬಯಲಾದಾಗ'. ಸಾಕ್ಷ್ಯ ಹಾಗೆ ಹೇಳುವುದಿಲ್ಲ. ತಪ್ಪು ಬಹುಪಾಲು ಮೊದಲಿನಿಂದಲೇ ಗೊತ್ತಿರುತ್ತದೆ; ಕೆಲವೊಮ್ಮೆ ತಪ್ಪೇ ಇರುವುದಿಲ್ಲ. ಮೂರು ಲೆಕ್ಕ ಒಟ್ಟಿಗೆ ಕೂಡಿದ ದಿನ ತಮ್ಮವರು ಎದುರು ಪಾಳಯಕ್ಕೆ ಹೋಗುತ್ತಾರೆ: ಅಧ್ಯಕ್ಷರು ಕುರ್ಚಿಯಲ್ಲಿ ಉಳಿದರೆ ತಮಗಾಗುವ ನಷ್ಟ ಅವರು ಇಳಿದರೆ ಆಗುವ ನಷ್ಟಕ್ಕಿಂತ ಹೆಚ್ಚಾಗಿರಬೇಕು, ಮುಂದಿನವರು ಯಾರೆಂಬುದು ಮೊದಲೇ ತೀರ್ಮಾನವಾಗಿರಬೇಕು, ತಲೆ ಎಣಿಕೆ ಖಾತ್ರಿಯಾಗಿರಬೇಕು. ತಪ್ಪಿನ ಪಟ್ಟಿ ಈ ಲೆಕ್ಕಕ್ಕೆ ಹೊದಿಸುವ ಶಾಲು. ಆದರೆ ಶಾಲಿಗೂ ಒಂದು ಕೆಲಸವಿದೆ, ಅದನ್ನು ಮುಂದೆ ನೋಡಬಹುದು.

ತಮ್ಮವರ ಕೈ ಯಾಕೆ ಬೇಕೇ ಬೇಕು ಎಂಬುದು ಕಾನೂನಿನ ಗಣಿತದಲ್ಲಿದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ 49ನೇ ಪ್ರಕರಣದ ಪ್ರಕಾರ ನೋಟಿಸಿಗೆ ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಂದಿ ಸಹಿ ಹಾಕಬೇಕು. ಗೊತ್ತುವಳಿ ಗೆಲ್ಲಲು ಮೂರನೇ ಎರಡರಷ್ಟು ಮತ ಬೇಕು. ಅದೂ ಸಭೆಗೆ ಬಂದವರಲ್ಲಿ ಮೂರನೇ ಎರಡಲ್ಲ, ಒಟ್ಟು ಸದಸ್ಯರಲ್ಲಿ. 18 ಸದಸ್ಯರ ಪಂಚಾಯಿತಿ ಎಂದಿಟ್ಟುಕೊಳ್ಳೋಣ. ಅಧ್ಯಕ್ಷರು 10 ಮಂದಿಯ ಗುಂಪಿನಿಂದ ಗೆದ್ದು ಬಂದವರು, ಎದುರು ಗುಂಪಿನಲ್ಲಿ 8 ಮಂದಿ. ನೋಟಿಸಿಗೆ 9 ಸಹಿ, ಗೆಲುವಿಗೆ 12 ಮತ. ಎದುರಿನ ಎಂಟೂ ಮಂದಿ ಒಂದೇ ಜೀಪಿನಲ್ಲಿ ಮಧುಗಿರಿಗೆ ಹೋದರೂ ಒಂದು ಸಹಿ ಸಾಲದು. ಅಧ್ಯಕ್ಷರ ಕಡೆಯ ಹತ್ತರಲ್ಲಿ ನಾಲ್ವರು ಬರದೆ ಕೆಲಸ ಆಗುವುದಿಲ್ಲ. ರಾಷ್ಟ್ರಪತಿಯ ಮಹಾಭಿಯೋಗಕ್ಕೂ ಸಂವಿಧಾನ ಕೇಳುವುದು ಸದನದ ಒಟ್ಟು ಸದಸ್ಯಬಲದ ಮೂರನೇ ಎರಡರಷ್ಟನ್ನೇ. ಅಮೆರಿಕದ ಸೆನೆಟ್ಟು, ದಕ್ಷಿಣ ಕೊರಿಯಾದ ರಾಷ್ಟ್ರೀಯ ಸಭೆಗಳಲ್ಲೂ ಮೆಟ್ಟಿಲು ಹೆಚ್ಚುಕಡಿಮೆ ಅಷ್ಟೇ ಎತ್ತರ. ಕಾನೂನು ಬರೆದವರು ಈ ಸಂಖ್ಯೆ ಇಟ್ಟದ್ದೇ ಎದುರಾಳಿಗಳ ಹಟಕ್ಕೆ ಅಧ್ಯಕ್ಷರು ಬಲಿಯಾಗದಿರಲಿ ಎಂದು. ಅದರ ಫಲವಾಗಿ ಇಳಿಸುವ ಕೀಲಿ ಎದುರಾಳಿಯ ಕೈ ಬಿಟ್ಟು ಅಧ್ಯಕ್ಷರ ಬೆನ್ನ ಹಿಂದೆ ಕೂತವರ ಜೇಬು ಸೇರಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದೇ ಇಲ್ಲವಲ್ಲ, ಸ್ವಪಕ್ಷ ಎಂಬ ಮಾತಿಗೆ ಅಲ್ಲಿ ಅರ್ಥವೇನು? ಕಾಗದದ ಮೇಲೆ ಈ ಮಾತು ಸರಿ. ಅಭ್ಯರ್ಥಿಗೆ ಸಿಗುವುದು ಪಕ್ಷದ ಗುರುತಲ್ಲ, ಚುನಾವಣಾ ಆಯೋಗದ ಪಟ್ಟಿಯಲ್ಲಿರುವ ಯಾವುದೋ ಮುಕ್ತ ಚಿಹ್ನೆ. ಆದರೆ ಫಲಿತಾಂಶದ ಮಾರನೆಯ ದಿನದ ಪತ್ರಿಕೆ ತೆರೆದರೆ 'ಕಾಂಗ್ರೆಸ್ ಬೆಂಬಲಿತರು ಇಷ್ಟು, ಜೆಡಿಎಸ್ ಬೆಂಬಲಿತರು ಇಷ್ಟು' ಎಂದೇ ಇರುತ್ತದೆ. ಬೆಂಬಲಿತ ಎಂಬ ಈ ಒಂದು ಪದ ಕಾನೂನಿಗೂ ವಾಸ್ತವಕ್ಕೂ ನಡುವೆ ಹಾಕಿದ ಕಾಲುಸಂಕ. ಪುರಸಭೆ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಲ್ಲಿ ಪಕ್ಷದ ವಿಪ್ ಉಂಟು, ಮೀರಿದವರ ಮೇಲೆ ಪ್ರಯೋಗಿಸಲು 1987ರ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ ಉಂಟು. ಗ್ರಾಮ ಪಂಚಾಯಿತಿಯಲ್ಲಿ ಆ ಚಾಟಿಯಿಲ್ಲ. ಹಾಗಾಗಿ ಆಕ್ಷೇಪವೇ ತಿರುಗಿ ವಾದಕ್ಕೆ ಒದಗುತ್ತದೆ: ಶಿಕ್ಷೆಯ ಹೆದರಿಕೆ ತೆಗೆದುಹಾಕಿದ ಮೇಲೂ ಒಂದು ಗುಂಪು ತನ್ನ ನಾಯಕನ ಜೊತೆ ಯಾಕೆ ನಿಲ್ಲುತ್ತದೆ, ಯಾಕೆ ಬಿಡುತ್ತದೆ ಎಂಬುದು ದೊಡ್ಡೇರಿಯಂಥ ಪಂಚಾಯಿತಿಗಳಲ್ಲಿ ಕಾಣುವಷ್ಟು ನಿಚ್ಚಳವಾಗಿ ವಿಧಾನಸೌಧದಲ್ಲಿ ಕಾಣುವುದಿಲ್ಲ.

ಕಾಣುವ ಮೊದಲ ಸಂಗತಿ ಸರದಿ. ಅಧ್ಯಕ್ಷರ ಅವಧಿ ಈಗ 30 ತಿಂಗಳು. 2015ರ ತಿದ್ದುಪಡಿ ಇದನ್ನು ಐದು ವರ್ಷಕ್ಕೆ ಏರಿಸಿ, ಮೊದಲ 30 ತಿಂಗಳು ಅವಿಶ್ವಾಸ ತರುವಂತಿಲ್ಲ ಎಂದಿತ್ತು; 2020ರಲ್ಲಿ ಅವಧಿ ಮತ್ತೆ 30 ತಿಂಗಳಿಗೆ ಇಳಿಯಿತು, ಅವಿಶ್ವಾಸಕ್ಕೆ ತಡೆ 15 ತಿಂಗಳಾಯಿತು. ಅಧ್ಯಕ್ಷರಿಗೆ ಉಸಿರಾಡಲು ಬಿಡುವು ಕೊಡುವುದು ತಡೆಯ ಉದ್ದೇಶ. ಆದರೆ 15 ಎಂಬುದು 30ರ ಸರಿಯರ್ಧ. ಗುಂಪಿನಲ್ಲಿ ಇಬ್ಬರು ಆಕಾಂಕ್ಷಿಗಳಿದ್ದರೆ ಮೊದಲ ಹದಿನೈದು ನಿನಗೆ, ಉಳಿದ ಹದಿನೈದು ನನಗೆ ಎಂದು ಮಾತಾಗುತ್ತದೆ. ಹಿರಿಯರೊಬ್ಬರ ಮನೆಯ ಜಗಲಿಯಲ್ಲೋ ದೇವರ ಮುಂದೆಯೋ ಆಣೆ ಪ್ರಮಾಣ ಆಗುತ್ತದೆ. ದಿನಾಂಕ ಹಾಕದ ರಾಜೀನಾಮೆ ಪತ್ರಕ್ಕೆ ಮೊದಲೇ ಸಹಿ ತೆಗೆದಿಟ್ಟುಕೊಳ್ಳುವ ಜಾಣರೂ ಇದ್ದಾರೆ; ರಾಜೀನಾಮೆ ಎಸಿ ಅವರ ಕೈಸೇರಿದ ಮೇಲೂ ನಿಗದಿತ ದಿನಗಳೊಳಗೆ ಹಿಂಪಡೆಯಲು ಕಾನೂನಿನಲ್ಲಿ ಅವಕಾಶವಿರುವುದರಿಂದ ಆ ಜಾಣತನ ಎಷ್ಟೋ ಸಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ಹದಿನೈದು ತಿಂಗಳು ತುಂಬುವ ಹೊತ್ತಿಗೆ ಕುರ್ಚಿಯಲ್ಲಿರುವವರಿಗೆ ಮಾತು ಮರೆತಿರುತ್ತದೆ. ಆಗ ಬರುವ ಅವಿಶ್ವಾಸದಲ್ಲಿ ಭ್ರಷ್ಟಾಚಾರ, ಸರ್ವಾಧಿಕಾರ, ಸದಸ್ಯರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳದಿರುವುದು ಎಂಬ ಆಪಾದನೆಗಳಿರುತ್ತವೆ. ಒಳಗಿರುವುದು ಮುರಿದ ಒಪ್ಪಂದ. 2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆದು ಅಧ್ಯಕ್ಷರು ಅಧಿಕಾರ ಹಿಡಿದ ಮೇಲೆ ಅವಿಶ್ವಾಸದ ಬಾಗಿಲು ತೆರೆದದ್ದು 2022ರ ನಡುವಿಗೆ. 2023ರಲ್ಲಿ ಎರಡನೇ ಅವಧಿಗೆ ಬಂದವರ ಪಾಲಿಗೆ 2024ರ ಕೊನೆಗೆ. ಮುಂಗಾರಿಗೂ ಹಿಂಗಾರಿಗೂ ದಿನ ಗೊತ್ತು ಮಾಡಿದ ಹಾಗೆ ಕಾನೂನೇ ಅವಿಶ್ವಾಸಕ್ಕೆ ತಿಂಗಳು ಗೊತ್ತು ಮಾಡಿಕೊಟ್ಟಿತು.

ಎರಡನೆಯದು ಸಹಿ. ಪಂಚಾಯಿತಿಯ ಹಣ ಪಾವತಿಗೆ ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರ ಒಪ್ಪಿಗೆಯೂ ಬೇಕು. ಮೊದಲು ಚೆಕ್ಕಿನ ಮೇಲೆ ಎರಡು ಸಹಿ ಬೀಳುತ್ತಿದ್ದವು, ಈಗ ಕಂಪ್ಯೂಟರಿಗೆ ಸಿಕ್ಕಿಸುವ ಡಿಜಿಟಲ್ ಸಹಿಯ ಡಾಂಗಲ್. ಹೆಬ್ಬೆರಳಿನಷ್ಟು ಗಾತ್ರದ ಆ ವಸ್ತು ಯಾರ ಬಳಿ ಇದೆ ಎಂದು ಕೇಳಿದರೆ ಪಂಚಾಯಿತಿಯ ಅಧಿಕಾರ ಯಾರ ಬಳಿ ಇದೆ ಎಂದು ಗೊತ್ತಾಗುತ್ತದೆ. ಅಧ್ಯಕ್ಷೆಯ ಡಾಂಗಲ್ ಅವರ ಯಜಮಾನರ ಅಂಗಿಯ ಜೇಬಿನಲ್ಲಿರಬಹುದು, ಪಿಡಿಒ ಮೇಜಿನ ಖಾನೆಯಲ್ಲಿರಬಹುದು, ಅಪರೂಪಕ್ಕೆ ಅವರ ಕೈಯಲ್ಲೇ ಇರಬಹುದು. ಒಬ್ಬೊಬ್ಬ ಸದಸ್ಯ ಪ್ರತಿನಿಧಿಸುವುದು ಸುಮಾರು 400 ಜನರನ್ನು. ಅವನ ಬೀದಿಯ ಚರಂಡಿ, ಅವನ ಕಡೆಯವರ ನರೇಗಾ ಬಿಲ್ಲು, ಕೆಟ್ಟ ಬೋರಿನ ಮೋಟಾರು ರಿಪೇರಿ, ಯಾರದೋ ಇ-ಸ್ವತ್ತು ಇವೆಲ್ಲ ಆ ಡಾಂಗಲ್ ದಾಟಿ ಬರಬೇಕು. ಬಿಲ್ಲು ಎರಡು ತಿಂಗಳು ನಿಂತರೆ ಸದಸ್ಯನ ಮನೆ ಬಾಗಿಲಿಗೆ ಜನ ಬರುತ್ತಾರೆ, ಮೂರನೇ ತಿಂಗಳು ಸಾಮಾನು ಕೊಟ್ಟ ಅಂಗಡಿಯವನು ಬರುತ್ತಾನೆ. ಎದುರು ಗುಂಪಿನವನಿಗೆ ಬಿಲ್ಲು ನಿಂತರೆ ಅದು ಮಾಮೂಲು, ಅವನು ಜನರಿಗೆ ಉತ್ತರ ಹೇಳಿ ಜಾರಿಕೊಳ್ಳಬಲ್ಲ. ಗೆದ್ದ ಗುಂಪಿನವನಿಗೆ ಆ ಸವಲತ್ತಿಲ್ಲ. ನಿಮ್ಮವರೇ ಅಧ್ಯಕ್ಷರು, ಆದರೂ ಆಗಲಿಲ್ಲವಾ ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿರುವುದಿಲ್ಲ. ತಮ್ಮವರ ಸಿಟ್ಟು ಎದುರಾಳಿಗಳ ಸಿಟ್ಟಿಗಿಂತ ಮೊದಲು ಹಣ್ಣಾಗುವುದು ಇದಕ್ಕೇ.

ಮೂರನೆಯದು ಮೀಸಲಾತಿ, ಇದನ್ನು ಅವಸರದಲ್ಲಿ ದಾಟುವಂತಿಲ್ಲ. ಸದಸ್ಯತ್ವದಲ್ಲಿ ಅರ್ಧ ಮಹಿಳೆಯರದು, ಅಧ್ಯಕ್ಷ ಸ್ಥಾನ ಸರದಿಯ ಪ್ರಕಾರ ಮಹಿಳೆಗೋ, ಪರಿಶಿಷ್ಟರಿಗೋ, ಹಿಂದುಳಿದ ವರ್ಗಕ್ಕೋ ಮೀಸಲು. ಗುಂಪಿನ ಯಜಮಾನಿಕೆ ಒಬ್ಬರದು, ಕುರ್ಚಿ ಇನ್ನೊಬ್ಬರದು ಎಂಬ ಸ್ಥಿತಿ ಹೀಗೆ ಹುಟ್ಟುತ್ತದೆ. ಕುರ್ಚಿಯಲ್ಲಿ ಕೂತವರು ಹೇಳಿದ ಕಡೆ ಸಹಿ ಹಾಕುವವರೆಗೆ ಗುಂಪು ಒಗ್ಗಟ್ಟಾಗಿರುತ್ತದೆ. ಅವರು ಕಡತ ಓದಲು ಕೂತ ದಿನ, ಈ ಬಿಲ್ಲಿನ ಕೆಲಸ ಎಲ್ಲಿ ಆಗಿದೆ ತೋರಿಸಿ ಎಂದ ದಿನ 'ಸದಸ್ಯರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳುತ್ತಿಲ್ಲ' ಎಂಬ ವಾಕ್ಯ ಹುಟ್ಟುತ್ತದೆ. ಅಧ್ಯಕ್ಷರ ತಪ್ಪಿನಿಂದ ಅವಿಶ್ವಾಸ ಬರುವಂತೆಯೇ ಅಧ್ಯಕ್ಷರು ಸರಿಯಾಗಿ ಕೆಲಸ ಮಾಡತೊಡಗಿದ್ದರಿಂದಲೂ ಬರಬಹುದು ಎಂಬ ಸಾಧ್ಯತೆಯನ್ನು ಮಹಾಭಿಯೋಗದ ಕುರಿತ ಚರ್ಚೆ ಸಾಮಾನ್ಯವಾಗಿ ಗಮನಿಸುವುದಿಲ್ಲ. ನಷ್ಟದ ಲೆಕ್ಕಕ್ಕೆ ಮಾತ್ರ ಎರಡೂ ಒಂದೇ: ಇಬ್ಬರಿಂದಲೂ ಗುಂಪಿಗೆ ಬರುತ್ತಿದ್ದುದು ನಿಂತಿತು.

ಇಷ್ಟೆಲ್ಲ ಇದ್ದೂ ಅಧ್ಯಕ್ಷರು ಉಳಿಯುವ ಪಂಚಾಯಿತಿಗಳೇ ಹೆಚ್ಚು. ಸಿಟ್ಟಿಗೂ ಸಹಿಗೂ ನಡುವೆ ದೂರವಿದೆ. ಮೊದಲ ಸಹಿ ಹಾಕುವವನಿಗೆ ಎರಡನೆಯವನು ಹಾಕುತ್ತಾನೆಂಬ ಖಾತ್ರಿಯಿಲ್ಲ. ಗೊತ್ತುವಳಿ ಬಿದ್ದುಹೋದರೆ ಮತ್ತೆ ತರಲು ಕಾಲಮಿತಿಯ ತಡೆ ಇದೆ, ಅಷ್ಟು ದಿನ ಸೋತವರು ಅದೇ ಅಧ್ಯಕ್ಷರ ಡಾಂಗಲಿನ ಕೆಳಗೆ ಬದುಕಬೇಕು. ಅದಕ್ಕೇ ನೋಟಿಸು ಕೊಟ್ಟ ದಿನಕ್ಕೂ ಸಭೆಯ ದಿನಕ್ಕೂ ನಡುವಿನ ಎರಡು ಮೂರು ವಾರಗಳಲ್ಲಿ ಸದಸ್ಯರು ಊರಲ್ಲಿರುವುದಿಲ್ಲ. ಒಂದು ಟಿಟಿ ಗಾಡಿ ಧರ್ಮಸ್ಥಳ, ಸುಬ್ರಹ್ಮಣ್ಯ, ಕರಾವಳಿ ಸುತ್ತುತ್ತಿರುತ್ತದೆ. ಫೋನುಗಳು ಒಬ್ಬರ ಚೀಲದಲ್ಲಿರುತ್ತವೆ. ಶಾಸಕರ ರೆಸಾರ್ಟ್ ರಾಜಕಾರಣವನ್ನು ನೋಡಿ ನಗುವವರು ಈ ಪ್ರವಾಸವನ್ನೂ ನೋಡಿ ನಗುತ್ತಾರೆ. ಆದರೆ ಇದು ಮೋಜಿನ ಮಾತಲ್ಲ, ಎಣಿಕೆ ಸೋರದಂತೆ ಹಾಕಿದ ಏರಿ. ಗಾಡಿ ನೇರವಾಗಿ ಬಂದು ಪಂಚಾಯಿತಿ ಕಟ್ಟಡದ ಮುಂದೆ ನಿಂತು, ಸದಸ್ಯರು ಸಾಲಾಗಿ ಇಳಿದು ಒಳಗೆ ಹೋಗುವಾಗ ಹೊರಗೆ ನಿಂತವರು ಎಣಿಸುತ್ತಾರೆ. ಹನ್ನೆರಡನೆಯವರು ಮೆಟ್ಟಿಲು ಹತ್ತಿದ ಕೂಡಲೇ ಫಲಿತಾಂಶ ಗೊತ್ತಾಗಿಬಿಡುತ್ತದೆ. ಒಳಗೆ ಎಸಿ ಓದುವ ಗೊತ್ತುವಳಿ ಬರೀ ದಾಖಲೆಗೆ.

ಸಹಿಗೂ ಮತಕ್ಕೂ ಇರುವ ಈ ದೂರವನ್ನು ರಾಜ್ಯ ಒಮ್ಮೆ ದುಬಾರಿ ಬೆಲೆ ತೆತ್ತು ಕಲಿಯಿತು. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರಿಗೆ ಬೆಂಬಲ ಹಿಂಪಡೆದಿದ್ದೇವೆಂಬ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈಸೇರಿದವು. ಕೆಲವೇ ದಿನಗಳಲ್ಲಿ ಅವರಲ್ಲಿ ಏಳು ಮಂದಿ ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆಯಲಾಗಿದೆ ಎಂದು ತಿರುಗಿ ಬರೆದರು. ಸದನದಲ್ಲಿ ಬಲ ತೋರಿಸುತ್ತೇನೆಂಬ ಬೊಮ್ಮಾಯಿ ಅವರ ಮಾತಿಗೆ ಬೆಲೆ ಸಿಗದೆ ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಬಹುಮತ ನಿರ್ಧಾರವಾಗಬೇಕಾದ ಜಾಗ ಸದನವೇ ಹೊರತು ರಾಜಭವನವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಬೊಮ್ಮಾಯಿ ಸರ್ಕಾರ ಹೋಗಿ ಐದು ವರ್ಷವಾಗುತ್ತ ಬಂದಿತ್ತು. ಗ್ರಾಮ ಪಂಚಾಯಿತಿಯ ನಿಯಮ ಈ ವಿಷಯದಲ್ಲಿ ರಾಜಭವನಕ್ಕಿಂತ ಚೊಕ್ಕ: ನೋಟಿಸಿನ ಸಹಿ ಬಾಗಿಲು ತೆರೆಯುತ್ತದೆ ಅಷ್ಟೆ, ಎಸಿ ಪಂಚಾಯಿತಿ ಕಚೇರಿಗೇ ಬಂದು ಸಭೆ ಕರೆದು ಮತ ಎಣಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಎಲ್ಲವೂ ಎಣಿಕೆಯಾದರೆ, ಸದನದಲ್ಲಿ ಅಗಾಧ ಬಹುಮತವಿದ್ದೂ ಹೋದವರ ಕಥೆಯೇನು? 1989ರ ಕೊನೆಯಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತ್ತು. ವರ್ಷ ತುಂಬುವುದರೊಳಗೆ, 1990ರ ಅಕ್ಟೋಬರಿನಲ್ಲಿ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ರಾಜೀವ್ ಗಾಂಧಿ ಮುಖ್ಯಮಂತ್ರಿ ಬದಲಾಗುತ್ತಾರೆ ಎಂದು ಪತ್ರಕರ್ತರಿಗೆ ಹೇಳಿ ವಿಮಾನ ಹತ್ತಿದರು. ಆಗ ಪಾಟೀಲರು ಅನಾರೋಗ್ಯದಲ್ಲಿದ್ದರು. ಅವರ ಜಾಗಕ್ಕೆ ಬಂದ ಬಂಗಾರಪ್ಪನವರನ್ನೂ ಎರಡು ವರ್ಷದಲ್ಲಿ ಅದೇ ಹೈಕಮಾಂಡ್ ಇಳಿಸಿ ವೀರಪ್ಪ ಮೊಯಿಲಿಯವರನ್ನು ತಂದಿತು. ಇಲ್ಲಿ ಯಾವ ಮೂರನೇ ಎರಡೂ ಲೆಕ್ಕಕ್ಕೆ ಬರಲಿಲ್ಲ, ನಿಜ. ಬಂದದ್ದು ಲೆಕ್ಕ ಹಾಕುವ ಜಾಗದ ಬದಲಾವಣೆ. 1956ರಲ್ಲಿ ಕೆಂಗಲ್ ಹನುಮಂತಯ್ಯನವರು ಸ್ವಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡು ಇಳಿದಾಗ, 1958ರಲ್ಲಿ ನಿಜಲಿಂಗಪ್ಪನವರು ಬಿ.ಡಿ. ಜತ್ತಿಯವರಿಗೆ ಸ್ಥಾನ ಬಿಟ್ಟುಕೊಟ್ಟಾಗ ತಕ್ಕಡಿ ಶಾಸಕಾಂಗ ಪಕ್ಷದ ಕೈಯಲ್ಲಿತ್ತು. ಮೂವತ್ತು ವರ್ಷದಲ್ಲಿ ಅದು ದೆಹಲಿಗೆ ಹೋಯಿತು. ತಕ್ಕಡಿ ಯಾರ ಕೈಯಲ್ಲಿದೆಯೋ ಅವರ ನಷ್ಟವೇ ತೂಗುತ್ತದೆ. ದಕ್ಷಿಣ ಆಫ್ರಿಕಾದ ಅಧ್ಯಕ್ಷ ಜೇಕಬ್ ಜುಮಾ 2017ರ ಆಗಸ್ಟ್ 8ರಂದು ಸಂಸತ್ತಿನ ಗುಪ್ತ ಮತದಾನದಲ್ಲೂ 177ಕ್ಕೆ 198 ಮತದಿಂದ ಅವಿಶ್ವಾಸ ಗೆದ್ದರು. ಆ ಡಿಸೆಂಬರಿನಲ್ಲಿ ಸಿರಿಲ್ ರಾಮಫೋಸಾ ಪಕ್ಷದ ಅಧ್ಯಕ್ಷರಾದರು; 2018ರ ಫೆಬ್ರುವರಿ 14ಕ್ಕೆ ಜುಮಾ ರಾಜೀನಾಮೆ ಕೊಟ್ಟರು. ಆರು ತಿಂಗಳಲ್ಲಿ ಅವರ ಮೇಲಿನ ಆಪಾದನೆಗಳು ಹೊಸದಾಗಿ ಹುಟ್ಟಿದ್ದಲ್ಲ. ಮುಂದೆ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಇನ್ನು ಶಾಲಿನ ಕೆಲಸ. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಮೇಲೆ ಭೂ ಹಗರಣದ ಆಪಾದನೆಗಳು 2010ರಲ್ಲೇ ಬಂದಿದ್ದವು. ಆ ಅಕ್ಟೋಬರಿನಲ್ಲಿ ಅವರದೇ ಪಕ್ಷದ 11 ಶಾಸಕರು ಬಂಡೆದ್ದಿದ್ದರು. ಪಕ್ಷ ಅವರನ್ನು ಉಳಿಸಿಕೊಂಡಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿ ಬಂತು. 31ರಂದು ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ನಡುವೆ ನಾಲ್ಕೇ ದಿನ. ತಪ್ಪು ಬಯಲಾದಾಗಲೇ ಪಕ್ಷ ತಿರುಗುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಆದರೆ ಆಗಸ್ಟ್ 1ಕ್ಕೆ ಸಂಸತ್ತಿನ ಮಳೆಗಾಲದ ಅಧಿವೇಶನ ಶುರುವಾಗಬೇಕಿತ್ತು, ಅಲ್ಲಿ 2ಜಿ ಹಗರಣ ಹಿಡಿದು ಕೇಂದ್ರ ಸರ್ಕಾರದ ಮೇಲೆ ಬೀಳುವುದು ಬಿಜೆಪಿಯ ಮುಖ್ಯ ಕೆಲಸವಾಗಿತ್ತು. ಸಂಸ್ಥೆಯ ಮೊಹರು ಬಿದ್ದ ವರದಿಯೊಂದು ಪಕ್ಷದ ಭ್ರಷ್ಟಾಚಾರ ವಿರೋಧಿ ಘೋಷಣೆಯ ಬಾಯಿ ಕಟ್ಟುತ್ತಿತ್ತು. ಪತ್ರಿಕೆಯ ಆಪಾದನೆಗೆ ಉತ್ತರ ಹೇಳಬಹುದು, ಲೋಕಾಯುಕ್ತರ ವರದಿಗೆ ಪಕ್ಷದ ವಕ್ತಾರ ಏನು ಹೇಳಿಯಾನು? ದಾಖಲೆ ತಪ್ಪನ್ನು ಹುಟ್ಟಿಸುವುದಿಲ್ಲ, ತಪ್ಪನ್ನು ಪಕ್ಷದ ಖರ್ಚಿನ ಪಟ್ಟಿಗೆ ಸೇರಿಸುತ್ತದೆ. ಜೊತೆಗೆ, ತಿರುಗಿ ನಿಲ್ಲುವವನಿಗೆ ಊರ ಮುಂದೆ ಹೇಳಿಕೊಳ್ಳಲು ಒಂದು ಮಾತು ಕೊಡುತ್ತದೆ.

ತಪ್ಪೇ ಇಲ್ಲದ ಕಡೆಯೂ ಇದೇ ತರ್ಕ ಕೆಲಸ ಮಾಡುವುದನ್ನು ನೋಡಲು ದೊಡ್ಡೇರಿಯವರು ದೂರ ಹೋಗಬೇಕಿಲ್ಲ. ಅವರ ಕ್ಷೇತ್ರದ ಶಾಸಕರ ಪ್ರಕರಣವೇ ಇದೆ. ಮಧುಗಿರಿಯ ಕೆ.ಎನ್. ರಾಜಣ್ಣ ಸಹಕಾರ ಸಚಿವರಾಗಿದ್ದಾಗ, ಮತದಾರರ ಪಟ್ಟಿಯ ಅಕ್ರಮವನ್ನು ಹಿಡಿದು ಕಾಂಗ್ರೆಸ್ ದೇಶದಾದ್ಯಂತ ಪ್ರಚಾರಕ್ಕಿಳಿದಿತ್ತು. ಪಟ್ಟಿ ತಯಾರಾದದ್ದು ನಮ್ಮದೇ ಸರ್ಕಾರವಿದ್ದಾಗ, ಆಗ ನಾವು ನೋಡಬೇಕಿತ್ತು ಎಂಬರ್ಥದ ಮಾತು ಅವರ ಬಾಯಿಂದ ಬಂತು. 2025ರ ಆಗಸ್ಟ್ 11ರಂದು ಅವರು ಸಂಪುಟದಿಂದ ಹೊರಬಿದ್ದರು. ಯಾವ ಹಗರಣವೂ ಇದಕ್ಕೆ ಕಾರಣವಲ್ಲ. ಮಾತು ಸರಿಯೋ ತಪ್ಪೋ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೂ, 2011ರ ವರದಿಯನ್ನೂ 2025ರ ಮಾತನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಅಂಶ ಒಂದಿದೆ: ಪಕ್ಷ ಬೀದಿಯಲ್ಲಿ ಕೂಗುತ್ತಿದ್ದ ಘೋಷಣೆಗೆ ಎರಡೂ ಅಡ್ಡ ಬಂದವು. ಸಚಿವರನ್ನು ಕೈಬಿಡಲು ಮೂರನೇ ಎರಡು ಬೇಕಿಲ್ಲ, ಮುಖ್ಯಮಂತ್ರಿಯ ಒಂದು ಪತ್ರ ಸಾಕು. ಆದ್ದರಿಂದ ಇದು ಅವಿಶ್ವಾಸಕ್ಕೆ ಪೂರ್ತಿ ಸಮನಲ್ಲ. ಎಣಿಕೆಯ ತೊಡಕು ಇಲ್ಲದ ಕಡೆ ಪಕ್ಷ ಎಷ್ಟು ಬೇಗ ಹೆಜ್ಜೆ ಇಡುತ್ತದೆ ಎಂಬುದಕ್ಕೆ ಮಾತ್ರ ಸಾಕ್ಷಿ.

ಹಾಗಾದರೆ ಆತ್ಮಸಾಕ್ಷಿ ಎಂಬುದಿಲ್ಲವೇ? ಈ ಪ್ರಶ್ನೆಗೆ ಇಲ್ಲ ಎಂದು ಉತ್ತರಿಸಿದರೆ ಸಾಕ್ಷ್ಯಕ್ಕೆ ಮೋಸವಾಗುತ್ತದೆ. 1974ರ ಜುಲೈ 27ರಂದು ಅಮೆರಿಕದ ಪ್ರತಿನಿಧಿಗಳ ಸಭೆಯ ನ್ಯಾಯ ಸಮಿತಿ ರಿಚರ್ಡ್ ನಿಕ್ಸನ್ ವಿರುದ್ಧದ ಮೊದಲ ಆರೋಪವನ್ನು 27ಕ್ಕೆ 11 ಮತಗಳಿಂದ ಒಪ್ಪಿತು. ಸಮಿತಿಯ 17 ರಿಪಬ್ಲಿಕನ್ನರಲ್ಲಿ ಆರು ಮಂದಿ ತಮ್ಮ ಅಧ್ಯಕ್ಷರ ವಿರುದ್ಧ ಕೈಯೆತ್ತಿದ್ದರು. ನಿಕ್ಸನ್‌ಗೆ ಮುಳುವಾದ ಧ್ವನಿಮುದ್ರಿಕೆ ಹೊರಬಿದ್ದದ್ದು ಆಗಸ್ಟ್ 5ಕ್ಕೆ, ಆಮೇಲೆ. ಗೆಲುವು ಖಾತ್ರಿಯಾಗುವ ಮುನ್ನವೇ ಅವರು ತಿರುಗಿದ್ದರು, ತಮ್ಮ ಕ್ಷೇತ್ರದವರ ಸಿಟ್ಟನ್ನೂ ಕಟ್ಟಿಕೊಂಡಿದ್ದರು. ಅವರನ್ನು ಲೆಕ್ಕಾಚಾರದವರು ಎನ್ನಲಾಗದು. ಆದರೆ ನಿಕ್ಸನ್ ಇಳಿದದ್ದು ಆ ಆರು ಮಂದಿಯಿಂದಲ್ಲ. ಧ್ವನಿಮುದ್ರಿಕೆಯ ನಂತರ ಸಮಿತಿಯಲ್ಲಿ ಅವರ ಪರ ನಿಂತಿದ್ದ 11 ಮಂದಿಯೂ ಮಾತು ಬದಲಿಸಿದರು; ಆಗಸ್ಟ್ 7ರ ಸಂಜೆ ಬ್ಯಾರಿ ಗೋಲ್ಡ್‌ವಾಟರ್, ಹ್ಯೂ ಸ್ಕಾಟ್, ಜಾನ್ ರೋಡ್ಸ್ ಎಂಬ ಸ್ವಪಕ್ಷದ ಮೂವರು ನಾಯಕರು ಶ್ವೇತಭವನಕ್ಕೆ ಹೋಗಿ ಹೇಳಿದ್ದು ನೀತಿಯ ಮಾತಲ್ಲ, ಸೆನೆಟ್ಟಿನಲ್ಲಿ ಎಷ್ಟು ಮತ ಉಳಿದಿದೆ ಎಂಬ ಸಂಖ್ಯೆ. ಉಳಿಯಲು ಬೇಕಿದ್ದ 34 ಅಲ್ಲಿರಲಿಲ್ಲ. ಮಾರನೆಯ ದಿನ ನಿಕ್ಸನ್ ರಾಜೀನಾಮೆ ಪ್ರಕಟಿಸಿದರು. ಉತ್ತರಾಧಿಕಾರಿ ಜೆರಾಲ್ಡ್ ಫೋರ್ಡ್ ಎಲ್ಲರಿಗೂ ಒಪ್ಪಿತವಾದವರು, ಸ್ವಪಕ್ಷದವರು. ಮೊದಲ ಕೆಲವರಿಗೆ ಮನಸ್ಸಾಕ್ಷಿ ಸಾಕು, ಉಳಿದವರು ಎದ್ದು ಬರಲು ಎಣಿಕೆ ಬೇಕು. 2021ರಲ್ಲಿ ಡೊನಾಲ್ಡ್ ಟ್ರಂಪ್ ವಿರುದ್ಧ ಏಳು ರಿಪಬ್ಲಿಕನ್ ಸೆನೆಟರುಗಳು ಮತ ಹಾಕಿದರು. 57ಕ್ಕೆ 43 ಎಂದು ಬಹುಮತ ಬಂದರೂ ಬೇಕಿದ್ದ 67 ಸಿಗಲಿಲ್ಲ. ಆಗಲೂ ಮನಸ್ಸಾಕ್ಷಿಯ ಮೊದಲ ಸಾಲು ಎದ್ದಿತ್ತು, ಎರಡನೆಯ ಸಾಲು ಏಳಲಿಲ್ಲ.

ಎರಡನೆಯ ಸಾಲು ಏಳಲು ಬೇಕಾದ ಮರೆ ಯಾವುದು ಎಂಬುದನ್ನು ದಕ್ಷಿಣ ಕೊರಿಯಾ ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಮಹಾಭಿಯೋಗಕ್ಕೆ ಗುಪ್ತ ಮತದಾನ. 2016ರ ಡಿಸೆಂಬರ್ 9ರಂದು ಅಧ್ಯಕ್ಷೆ ಪಾರ್ಕ್ ಗುನ್ ಹೇ ವಿರುದ್ಧ 300 ಸ್ಥಾನಗಳ ಸಭೆಯಲ್ಲಿ 234 ಮತ ಬಿದ್ದವು. ಅವರ ಪಕ್ಷದವರೇ ಅರವತ್ತಕ್ಕಿಂತ ಹೆಚ್ಚು ಮಂದಿ ಕೈಬಿಡದೆ ಆ ಸಂಖ್ಯೆ ಬರುವಂತಿರಲಿಲ್ಲ. ಆ ಪಾಠ ನೆನಪಿದ್ದ ಅಧ್ಯಕ್ಷ ಯೂನ್ ಸುಕ್ ಯೋಲ್ ಅವರ ಪಕ್ಷ 2024ರ ಡಿಸೆಂಬರ್ 7ರಂದು ತನ್ನ ಸದಸ್ಯರನ್ನು ಸಭಾಂಗಣದಿಂದಲೇ ಹೊರಗೆ ಕರೆದೊಯ್ದಿತು. ಮತ ಗುಪ್ತವಾದರೂ ಕುರ್ಚಿಯಲ್ಲಿ ಕೂತಿರುವುದು ಗುಪ್ತವಲ್ಲವಲ್ಲ. ಅಂದು ಗೊತ್ತುವಳಿ ಬಿತ್ತು. ಒಂದು ವಾರದ ನಂತರ, 14ರಂದು, ಅವರೆಲ್ಲ ಒಳಗೆ ಬಂದು ಕೂತರು. 204 ಮತ ಬಿದ್ದವು, ಬೇಕಿದ್ದುದು 200. ದೊಡ್ಡೇರಿಯ ಕಡೆಯ ಟಿಟಿ ಗಾಡಿಯೂ ಸೋಲ್ ನಗರದ ಖಾಲಿ ಕುರ್ಚಿಗಳೂ ಒಂದೇ ಉಪಾಯದ ಎರಡು ರೂಪ: ಯಾರು ಎಲ್ಲಿದ್ದಾರೆ ಎಂಬುದು ಎಲ್ಲರಿಗೂ ಕಾಣುವಂತೆ ಮಾಡಿದರೆ ಜಾರುವವರು ಕಡಿಮೆಯಾಗುತ್ತಾರೆ.

ಈ ಲೆಕ್ಕ ಯಾವಾಗಲೂ ಸರಿಯಾಗಿರುತ್ತದೆ ಎಂದು ತಿಳಿಯಬಾರದು. ಇಳಿಸುವವರು ತೂಗುವುದು ಇಂದಿನ ನಷ್ಟವನ್ನು. ವೀರೇಂದ್ರ ಪಾಟೀಲರನ್ನು ಇಳಿಸಿದ ಕಾಂಗ್ರೆಸ್ 1994ರಲ್ಲಿ 178ರಿಂದ 34ಕ್ಕೆ ಬಂದು ನಿಂತಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಲಿಂಗಾಯತ ಮತದಾರರು ಆ ವಿಮಾನ ನಿಲ್ದಾಣವನ್ನು ಮರೆಯಲಿಲ್ಲ ಎಂಬುದನ್ನು ಕರ್ನಾಟಕದ ರಾಜಕೀಯ ಬಲ್ಲ ಯಾರೂ ಅಲ್ಲಗಳೆಯುವುದಿಲ್ಲ. 2011ರಲ್ಲಿ ಇಳಿದ ಯಡಿಯೂರಪ್ಪ ಮರುವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಜನತಾ ಪಕ್ಷ (ಕೆಜೆಪಿ) ಕಟ್ಟಿದರು. 2013ರಲ್ಲಿ ಆ ಪಕ್ಷ ಗೆದ್ದದ್ದು ಆರೇ ಸ್ಥಾನ, ಬಿಜೆಪಿ 40ಕ್ಕೆ ಕುಸಿಯಿತು. ತನ್ನವರನ್ನು ಇಳಿಸುವುದು ಯಾವ ಪಕ್ಷಕ್ಕೂ ಅಗ್ಗದ ಕೆಲಸವಲ್ಲ. 2021ರ ಜುಲೈನಲ್ಲಿ ಅದೇ ಯಡಿಯೂರಪ್ಪನವರನ್ನು ಎರಡನೇ ಸಲ ಇಳಿಸುವಾಗ ಪಕ್ಷ ನಾಲ್ಕು ದಿನದ ಆತುರ ತೋರಿಸಲಿಲ್ಲ. ಸರ್ಕಾರಕ್ಕೆ ಎರಡು ವರ್ಷ ತುಂಬಿದ ಸಮಾರಂಭದಲ್ಲೇ ಅವರು ಕಣ್ಣೊರೆಸಿಕೊಂಡು ರಾಜೀನಾಮೆ ಘೋಷಿಸಿದರು, ಅವರಿಗೆ ಹತ್ತಿರದವರೇ ಆದ ಬಸವರಾಜ ಬೊಮ್ಮಾಯಿ ಎರಡು ದಿನದಲ್ಲಿ ಪ್ರಮಾಣವಚನ ತೆಗೆದುಕೊಂಡರು.

ಪಂಚಾಯಿತಿಯಲ್ಲಿ ಹೀಗೆ ದೂರ ಸರಿದು ಪಕ್ಷ ಕಟ್ಟುವ ಅನುಕೂಲ ಯಾರಿಗೂ ಇಲ್ಲ. ಗೊತ್ತುವಳಿ ಗೆದ್ದ ಕ್ಷಣದಿಂದ ಅಧ್ಯಕ್ಷ ಸ್ಥಾನ ತೆರವಾದಂತೆ. ಹೊಸಬರು ಆಯ್ಕೆಯಾಗುವವರೆಗೆ ಉಪಾಧ್ಯಕ್ಷರು ನೋಡಿಕೊಳ್ಳುತ್ತಾರೆ. ಮೀಸಲಾತಿ ಬದಲಾಗುವುದಿಲ್ಲವಾದ್ದರಿಂದ ಹೊಸಬರೂ ಅದೇ ವರ್ಗದಿಂದ ಬರಬೇಕು. ಮುಂದಿನವರು ಯಾರೆಂದು ಮೊದಲೇ ಗೊತ್ತಿರದೆ ಅವಿಶ್ವಾಸ ಹೊರಡದಿರುವುದಕ್ಕೆ ಇದೂ ಒಂದು ಕಾರಣ. ಹೊಸ ಹೆಸರಿಗೆ ಡಿಜಿಟಲ್ ಸಹಿ ನೋಂದಣಿಯಾಗುವವರೆಗೆ ಬಿಲ್ಲುಗಳು ಇನ್ನಷ್ಟು ದಿನ ನಿಲ್ಲುತ್ತವೆ. ಇಳಿದವರ ಸದಸ್ಯತ್ವ ಮಾತ್ರ ಹೋಗುವುದಿಲ್ಲ. ಮುಂದಿನ ತಿಂಗಳ ಸಾಮಾನ್ಯ ಸಭೆಯ ನೋಟಿಸು ಅವರ ಮನೆಗೂ ಬರುತ್ತದೆ. ತಮ್ಮ ವಿರುದ್ಧ ಸಹಿ ಹಾಕಿದ ನಾಲ್ವರ ಪಕ್ಕದಲ್ಲೇ ಅವರು ಬಂದು ಕೂತು, ಹಾಜರಿ ಪುಸ್ತಕದಲ್ಲಿ ಅವರ ಹೆಸರುಗಳ ಕೆಳಗೆ ತಮ್ಮ ಸಹಿ ಹಾಕುತ್ತಾರೆ.